ಸೋಲಾರ್ ಪ್ಯಾನೆಲ್ ಸಿಲಿಕಾನ್‌ದು, ಹಾಗಾದರೆ ಸಿಲಿಕಾನ್ ಎಲ್‌ಇಡಿ ಯಾಕಿಲ್ಲ?

ಬೆಸುಗೆ ಹುಡುಗ
ಇಸಿ (ಎಲೆಕ್ಟ್ರಾನಿಕ್ಸ್) ಎರಡನೇ ವರ್ಷದಲ್ಲಿದ್ದೇನೆ, ವಿಜಯನಗರ. ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಎಲ್‌ಇಡಿ ಕೂಡ ಪಿ-ಎನ್ ಜಂಕ್ಷನ್ (ಪಿ, ಎನ್ ಅನ್ನುವ ಎರಡು ಬಗೆಯ ಅರೆವಾಹಕ ಕೂಡುವ ಗಡಿ), 1ಎನ್4007 ಸಿಲಿಕಾನ್ ಡಯೋಡ್ ಕೂಡ ಪಿ-ಎನ್ ಜಂಕ್ಷನ್. ಎರಡರಲ್ಲೂ ಕರೆಂಟ್ ಹರಿಸಿದರೆ ಎಲೆಕ್ಟ್ರಾನ್, ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಸೇರುತ್ತವೆ. ಒಂದು ಬೆಳಗುತ್ತದೆ, ಇನ್ನೊಂದು ಸುಮ್ನೆ ಬಿಸಿಯಾಗುತ್ತದೆ. ಸರಿ, ಸಿಲಿಕಾನ್‌ಗೂ ಬೆಳಕಿಗೂ ಆಗಿಬರಲ್ಲ ಅಂದುಕೊಳ್ಳೋಣ ಅಂದರೆ ತಾರಸಿ ಮೇಲಿನ ಸೋಲಾರ್ ಪ್ಯಾನೆಲ್ ಸಿಲಿಕಾನ್‌ದು, ಮೊಬೈಲ್ ಕ್ಯಾಮೆರಾದ ಸೆನ್ಸರ್ ಸಿಲಿಕಾನ್‌ದು. ಬೆಳಕು ತಗೊಳ್ಳಲು ಬರುತ್ತದೆ, ಕೊಡಲು ಬರಲ್ಲ. ಇದು ಯಾವ ನ್ಯಾಯ? ಲೆಕ್ಚರರ್ ಹತ್ತಿರ ಕೇಳಿದರೆ "ಇನ್‌ಡೈರೆಕ್ಟ್ ಬ್ಯಾಂಡ್‌ಗ್ಯಾಪ್ ಅಂತ ಬರಿ, ಎರಡು ಮಾರ್ಕಿಗೆ ಅಷ್ಟು ಸಾಕು" ಅಂದರು. ನನಗೆ ಸಾಕಾಗಲಿಲ್ಲ.

ಎಸ್‌ಪಿ ರೋಡ್ ಗಿರಾಕಿ
1ಎನ್4007 ಇರುವುದು ಕಪ್ಪು ಪ್ಲಾಸ್ಟಿಕ್ ಒಳಗೆ ಗುರು. ಅದು ಬೆಳಗಿದರೂ ನಿನಗೆ ಕಾಣಬೇಕಲ್ಲ.

ಬೆಸುಗೆ ಹುಡುಗ
1ಎನ್4148 ಡಯೋಡ್ ಗಾಜಿನದು ಅಣ್ಣ. ಲೈಟ್ ಆರಿಸಿ ನೋಡಿದೆ. ಏನೂ ಇಲ್ಲ.

ರಾಜಾಜಿನಗರ ರೆಸಿಸ್ಟರ್
ಇಷ್ಟಕ್ಕೆಲ್ಲಾ ತಲೆ ಕೆಡಿಸಿಕೊಳ್ಳಬೇಡ. ಸಿಲಿಕಾನ್ ಬ್ಯಾಂಡ್‌ಗ್ಯಾಪ್, ಅಂದರೆ ಎಲೆಕ್ಟ್ರಾನ್‌ಗಳ ಮೇಲಿನ, ಕೆಳಗಿನ ಶಕ್ತಿಪಟ್ಟಿಗಳ ನಡುವಿನ ಅಂತರ, 1.12 ಎಲೆಕ್ಟ್ರಾನ್ ವೋಲ್ಟ್. 1240ನ್ನು ಅದರಿಂದ ಭಾಗಿಸಿದರೆ ತರಂಗಾಂತರ ನ್ಯಾನೋಮೀಟರ್‌ನಲ್ಲಿ ಸಿಗುತ್ತದೆ, ಸುಮಾರು 1107. ನಮ್ಮ ಕಣ್ಣು 700ಕ್ಕೇ ಕೈಚೆಲ್ಲುತ್ತದೆ. ಬೆಳಕು ಬಂದರೂ ಇನ್‌ಫ್ರಾರೆಡ್, ಕಾಣಲ್ಲ. ಮುಗೀತು.

ಫಿಸಿಕ್ಸ್ ಮೇಡಂ
ಮುಗಿಯಲಿಲ್ಲ ಸಾರ್. ಗ್ಯಾಲಿಯಂ ಆರ್ಸೆನೈಡ್ ಗ್ಯಾಪ್ 1.42, ಅಂದರೆ 870 ನ್ಯಾನೋಮೀಟರ್ ಸುತ್ತಮುತ್ತ. ಅದೂ ಕಣ್ಣಿಗೆ ಕಾಣಲ್ಲ. ಆದರೂ ಅದರಿಂದ ಭರ್ಜರಿ ಇನ್‌ಫ್ರಾರೆಡ್ ಎಲ್‌ಇಡಿ ಮಾಡುತ್ತಾರೆ. ಗ್ಯಾಪ್ ಒಂದೇ ಕಾರಣವಾಗಿದ್ದರೆ ಸಿಲಿಕಾನ್ ಜಗತ್ತಿನ ಅತಿ ಅಗ್ಗದ ಇನ್‌ಫ್ರಾರೆಡ್ ಎಲ್‌ಇಡಿ ಆಗಬೇಕಿತ್ತು. ಟಿವಿ ರಿಮೋಟ್‌ನಲ್ಲಿ ಅದೇ ಇರುತ್ತಿತ್ತು.

ವಿಷಯ ಏನೆಂದರೆ, ಹರಳಿನೊಳಗಿನ ಎಲೆಕ್ಟ್ರಾನ್‌ಗೆ ಶಕ್ತಿಯ ಜೊತೆ ಸಂವೇಗವೂ ಇದೆ. ಕೆಳಗೆ ಬೀಳುವಾಗ ಎರಡರ ಲೆಕ್ಕವೂ ಸರಿಹೋಗಬೇಕು. ಫೋಟಾನ್, ಅಂದರೆ ಬೆಳಕಿನ ಕಣ, ಶಕ್ತಿಯನ್ನು ಧಾರಾಳವಾಗಿ ಹೊತ್ತುಕೊಂಡು ಹೋಗುತ್ತದೆ, ಆದರೆ ಅದರ ಸಂವೇಗ ಹರಳಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಸೊನ್ನೆ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಮೇಲಿನ ಪಟ್ಟಿಯ ತಳವೂ ಕೆಳಗಿನ ಪಟ್ಟಿಯ ತುದಿಯೂ ಒಂದೇ ಸಂವೇಗದಲ್ಲಿವೆ, ಎಲೆಕ್ಟ್ರಾನ್ ನೆಟ್ಟಗೆ ಬೀಳುತ್ತದೆ, ಇದು ಡೈರೆಕ್ಟ್ ಗ್ಯಾಪ್. ಸಿಲಿಕಾನ್‌ನಲ್ಲಿ ಎರಡೂ ಬೇರೆ ಬೇರೆ ಕಡೆ, ಇದನ್ನೇ ಇನ್‌ಡೈರೆಕ್ಟ್ ಅನ್ನುವುದು. ಹೆಚ್ಚಿಗೆ ಉಳಿದ ಸಂವೇಗವನ್ನು ಹರಳಿನ ಕಂಪನ, ಅಂದರೆ ಫೋನಾನ್, ತಗೊಳ್ಳಬೇಕು. ಎಲೆಕ್ಟ್ರಾನ್, ಹೋಲ್, ಫೋನಾನ್ ಮೂರೂ ಒಂದೇ ಹೊತ್ತಿಗೆ ಕೂಡಿಬರುವುದು ಅಪರೂಪ. ಹಾಗಾಗಿ ಬೆಳಕು ಕೊಟ್ಟು ಸೇರುವ ವೇಗ ಗ್ಯಾಲಿಯಂ ಆರ್ಸೆನೈಡ್‌ಗಿಂತ ಹತ್ತಾರು ಸಾವಿರ ಪಟ್ಟು ಕಡಿಮೆ. ಎಲೆಕ್ಟ್ರಾನ್ ಕಾಯುತ್ತಾ ಇರುವಾಗ ಹರಳಿನಲ್ಲಿ ಎಲ್ಲೋ ಒಂದು ದೋಷ ಸಿಗುತ್ತದೆ, ಅಲ್ಲೇ ಬಿದ್ದು ಶಕ್ತಿಯೆಲ್ಲಾ ಶಾಖವಾಗಿ ಹೋಗುತ್ತದೆ.

ಎಸ್‌ಪಿ ರೋಡ್ ಗಿರಾಕಿ
ಅಂದರೆ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ಕನೆಕ್ಟಿಂಗ್ ಬಸ್‌ಗೆ ಕಾಯುತ್ತಾ ನಿಂತಾಗ ಪಿಕ್‌ಪಾಕೆಟ್ ಆದ ಹಾಗೆ.

ಫಿಸಿಕ್ಸ್ ಮೇಡಂ
ಅದನ್ನು ಉತ್ತರಪತ್ರಿಕೆಯಲ್ಲಿ ಬರೆದರೆ ನಾನಂತೂ ಮಾರ್ಕ್ ಕೊಡುತ್ತೇನೆ.

ರಾಜಾಜಿನಗರ ರೆಸಿಸ್ಟರ್
ಮೇಡಂ, ಒಂದು ನಿಮಿಷ. ಬೀಳುವಾಗ ಫೋನಾನ್ ಬೇಕು ಅಂದರೆ ಏರುವಾಗಲೂ ಬೇಕಲ್ವಾ? ಹಾಗಾದರೆ ಸೋಲಾರ್ ಸೆಲ್ ಕೂಡ ಕೆಲಸ ಮಾಡಬಾರದು. ಹುಡುಗ ಕೇಳಿದ್ದು ಅದನ್ನೇ, ನೀವು ಅರ್ಧಕ್ಕೆ ಉತ್ತರ ಕೊಟ್ಟು ಮಾರ್ಕ್ ಹಂಚುತ್ತಿದ್ದೀರಿ.

ಫಿಸಿಕ್ಸ್ ಮೇಡಂ
ಒಳ್ಳೆ ಪ್ರಶ್ನೆ. ಹೌದು, ಗ್ಯಾಪ್ ಹತ್ತಿರದ ಫೋಟಾನ್ ಹೀರಲು ಫೋನಾನ್ ಬೇಕೇ ಬೇಕು. ಅದಕ್ಕೇ ಸಿಲಿಕಾನ್ ಬೆಳಕು ಹೀರುವುದರಲ್ಲೂ ಅಂಥ ಜಾಣ ಏನಲ್ಲ. ಗ್ಯಾಲಿಯಂ ಆರ್ಸೆನೈಡ್ ಒಂದೆರಡು ಮೈಕ್ರಾನ್ ದಪ್ಪ ಇದ್ದರೆ ಬಿಸಿಲು ಹಿಡಿಯಲು ಸಾಕು. ಸಿಲಿಕಾನ್ ಸೆಲ್ 150 ಮೈಕ್ರಾನ್ ಆಸುಪಾಸು ಇರುತ್ತದೆ. ನೀಲಿ ಬೆಳಕು ಅರ್ಧ ಮೈಕ್ರಾನ್ ಒಳಗೇ ಹೀರಿಹೋಗುತ್ತದೆ, ಕೆಂಪಿಗೆ ಕೆಲವು ಮೈಕ್ರಾನ್ ಬೇಕು, 1000 ನ್ಯಾನೋಮೀಟರ್ ಇನ್‌ಫ್ರಾರೆಡ್‌ಗೆ ನೂರಕ್ಕೂ ಜಾಸ್ತಿ.

ಆದರೆ ಇಲ್ಲಿ ಗಮನಿಸಿ. ಒಳಗೆ ಬಂದ ಫೋಟಾನ್‌ಗೆ ಅವಸರ ಇಲ್ಲ. ಈ ಮೈಕ್ರಾನ್‌ನಲ್ಲಿ ಹೀರಲಿಲ್ಲವೇ, ಮುಂದಿನದರಲ್ಲಿ ಹೀರುತ್ತದೆ. ಹಿಂದಿನ ಲೋಹದ ಪದರಕ್ಕೆ ತಾಗಿ ವಾಪಸ್ ಬಂದರೆ ಇನ್ನೊಂದು ಅವಕಾಶ. ದಪ್ಪ ಮಾಡಿದರೆ ಆಯಿತು, ಸಿಲಿಕಾನ್ ಅಗ್ಗ. ಹೊರಸೂಸುವಾಗ ಹಾಗಲ್ಲ. ಅಲ್ಲಿ ಎದುರಾಳಿಗಳಿದ್ದಾರೆ. ದೋಷಗಳು, ಮೇಲ್ಮೈ, ಕಾಂಟ್ಯಾಕ್ಟ್ ಎಲ್ಲವೂ ಎಲೆಕ್ಟ್ರಾನ್‌ಗೆ ಹೊಂಚು ಹಾಕಿ ಕೂತಿರುತ್ತವೆ. ಒಂದೇ ನಿಧಾನ ಎರಡೂ ಕಡೆ ಇದೆ, ಒಂದು ಕಡೆ ಅದನ್ನು ದಪ್ಪದಿಂದ ಸರಿದೂಗಿಸಬಹುದು, ಇನ್ನೊಂದು ಕಡೆ ಆಗಲ್ಲ.

ಬೆಸುಗೆ ಹುಡುಗ
ಮೇಡಂ ಇದನ್ನು ಕ್ಲಾಸಲ್ಲಿ ಯಾರೂ ಹೇಳಲೇ ಇಲ್ಲ. ಥ್ಯಾಂಕ್ಸ್.

ಜಾಲಹಳ್ಳಿ ತಾತ
ತಮ್ಮಾ, ಗಾಜಿನ ಡಯೋಡ್ ಅಂದೆಯಲ್ಲ, ಅದನ್ನು ಉಲ್ಟಾ ಪರೀಕ್ಷೆ ಮಾಡು. ಬೆಳಕು ಕೊಡುತ್ತದಾ ಅಂತ ನೋಡಬೇಡ, ಬೆಳಕಿಗೆ ಏನು ಮಾಡುತ್ತದೆ ನೋಡು. 1ಎನ್4148ಕ್ಕೆ ಮಲ್ಟಿಮೀಟರ್ ಮಿಲಿವೋಲ್ಟ್‌ನಲ್ಲಿ ಇಟ್ಟು ಟಾರ್ಚ್ ಹಿಡಿ.

ನಾವು ಹುಡುಗರಾಗಿದ್ದಾಗ ಜರ್ಮೇನಿಯಂ ಟ್ರಾನ್ಸಿಸ್ಟರ್ ಕಾಲ. ಇಲ್ಲಿ ಬಿಇಎಲ್‌ನಲ್ಲೂ ಅವನ್ನು ಮಾಡುತ್ತಿದ್ದರು. ಮುಲ್ಲಾರ್ಡ್ ಕಂಪನಿಯ ಒಸಿ71 ಅಂತ ಒಂದಿತ್ತು, ಗಾಜಿನ ಕೊಳವೆ, ಮೇಲೆ ಕಪ್ಪು ಬಣ್ಣ. ಅದೇ ಕಂಪನಿಯ ಫೋಟೋಟ್ರಾನ್ಸಿಸ್ಟರ್ ಒಸಿಪಿ71 ಬೆಲೆ ಜಾಸ್ತಿ. ಬ್ಲೇಡಿನಿಂದ ಒಸಿ71 ಬಣ್ಣ ಕೆರೆದರೆ ಅದೂ ಬೆಳಕಿಗೆ ಕುಣಿಯುತ್ತಿತ್ತು! ಊರೂರಿನ ಹವ್ಯಾಸಿಗಳಿಗೆಲ್ಲಾ ಗೊತ್ತಾಗಿ ಕಂಪನಿಯವರು ಆಮೇಲೆ ಒಳಗೆ ಬೆಳಕು ಬಿಡದ ಗ್ರೀಸ್ ತುಂಬಿದರು. ಜಂಕ್ಷನ್ ಅಂದ ಮೇಲೆ ಅದು ಬೆಳಕಿಗೆ ಸ್ಪಂದಿಸಿಯೇ ತೀರುತ್ತದೆ. ಕಪ್ಪು ಪ್ಲಾಸ್ಟಿಕ್ ಸುಮ್ನೆ ಅಂದಕ್ಕೆ ಹಾಕಿದ್ದಲ್ಲ.

ಕೋಡು ಬರೆಯುವವ
ತಾತ ಹೇಳಿದ್ದು ಈಗಲೂ ನಡೆಯುತ್ತದೆ. ರಾಸ್ಪ್‌ಬೆರಿ ಪೈ 2 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಬಂದಾಗ, 2015ರಲ್ಲಿ, ಹೊಸ ಬೋರ್ಡ್ ಅಂತ ಜನ ಫೋಟೋ ತೆಗೆದರು. ಕ್ಸೆನಾನ್ ಫ್ಲ್ಯಾಶ್ ಬಿದ್ದ ತಕ್ಷಣ ಬೋರ್ಡ್ ಠುಸ್. ಪವರ್ ಚಿಪ್‌ಗೆ ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ, ಬೆತ್ತಲೆ ಸಿಲಿಕಾನ್. ಅದರ ಮೇಲೆ ಬ್ಲೂ ಟ್ಯಾಕ್ ಅನ್ನುವ ಅಂಟುಮುದ್ದೆ ಅಂಟಿಸಿದರೆ ಸರಿ. ಎಲ್‌ಇಡಿ ಫ್ಲ್ಯಾಶ್‌ಗೆ ಏನೂ ಆಗುತ್ತಿರಲಿಲ್ಲ, ಅದರಲ್ಲಿ ಅಷ್ಟು ತೀವ್ರತೆ ಇಲ್ಲ.

ಎಸ್‌ಪಿ ರೋಡ್ ಗಿರಾಕಿ
ಫೋಟೋ ತೆಗೆದರೆ ಮುನಿಸಿಕೊಳ್ಳುವ ಬೋರ್ಡ್. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ.

ನೀಲಿ ಬೆಳಕು
ಮೇಡಂ ಹೇಳಿದ ತರ್ಕ ಸರಿ, ಆದರೆ "ಇನ್‌ಡೈರೆಕ್ಟ್ ಅಂದರೆ ಬೆಳಗಲ್ಲ" ಅಂತ ಯಾರೂ ಗಂಟು ಕಟ್ಟಿಕೊಂಡು ಹೋಗಬೇಡಿ. ಹಳೆ ಟೇಪ್ ರೆಕಾರ್ಡರ್, ಸ್ಟೆಬಿಲೈಸರ್‌ಗಳಲ್ಲಿ ಮಂಕಾದ ಹಳದಿ ಮಿಶ್ರ ಹಸಿರು ಎಲ್‌ಇಡಿ ಇರುತ್ತಿತ್ತಲ್ಲ, ನೆನಪಿದೆಯಾ? ಅದು ಗ್ಯಾಲಿಯಂ ಫಾಸ್ಫೈಡ್. ಗ್ಯಾಪ್ 2.26, ಪಕ್ಕಾ ಇನ್‌ಡೈರೆಕ್ಟ್. ಆದರೂ ವರ್ಷಗಟ್ಟಲೆ ಅದೇ ನಮ್ಮ ಹಸಿರು.

ಉಪಾಯ ಏನು ಗೊತ್ತಾ? ಅಲ್ಲಲ್ಲಿ ಒಂದೊಂದು ರಂಜಕದ ಪರಮಾಣು ತೆಗೆದು ಸಾರಜನಕ ಕೂರಿಸಿದರು. ಎರಡೂ ಪೀರಿಯಾಡಿಕ್ ಟೇಬಲ್‌ನ ಒಂದೇ ಕಂಬದವು, ಹಾಗಾಗಿ ಅದು ಎಲೆಕ್ಟ್ರಾನ್ ಕೊಡುವ ಡೋನರ್ ಅಲ್ಲ, ತಗೊಳ್ಳುವ ಅಕ್ಸೆಪ್ಟರ್ ಅಲ್ಲ. ಆದರೆ ಎಲೆಕ್ಟ್ರಾನ್‌ನ್ನು ಒಂದು ಚಿಕ್ಕ ಜಾಗದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಜಾಗ ನಿಖರವಾದರೆ ಸಂವೇಗ ಹರಡಿಕೊಳ್ಳುತ್ತದೆ, ಇದು ಹೈಸನ್‌ಬರ್ಗ್ ಅನಿಶ್ಚಿತತೆ. ಆ ಹರಡಿದ ಸಂವೇಗದ ಒಂದು ಪಾಲು ಫೋಟಾನ್‌ಗೆ ಬೇಕಾದ ಜಾಗದಲ್ಲೇ ಇರುತ್ತದೆ. ಫೋನಾನ್ ಹಂಗು ತಪ್ಪಿತು. ನನಗೆ ಇಡೀ ಸೆಮಿಕಂಡಕ್ಟರ್ ಕೋರ್ಸ್‌ನಲ್ಲಿ ಇಷ್ಟವಾದ ಸಂಗತಿ ಇದೊಂದೇ.

ಇನ್ನೂ ಹಿಂದೆ ಹೋದರೆ, 1907ರಲ್ಲಿ ಹೆನ್ರಿ ರೌಂಡ್ ಮೊದಲು ಹೊಳಪು ಕಂಡಿದ್ದು ಸಿಲಿಕಾನ್ ಕಾರ್ಬೈಡ್‌ನಲ್ಲಿ. ಅದೂ ಇನ್‌ಡೈರೆಕ್ಟೇ.

ರಾಜಾಜಿನಗರ ರೆಸಿಸ್ಟರ್
ಹಾಗಾದರೆ ಸಿಲಿಕಾನ್‌ಗೂ ಅದೇ ಮದ್ದು ಹಾಕಿ ಸ್ವಾಮಿ. ಯಾರು ಬೇಡ ಅಂದರು?

ನೀಲಿ ಬೆಳಕು
ಹಾಕದೆ ಬಿಟ್ಟಿದ್ದಾರಾ? ಎರ್ಬಿಯಂ ಅನ್ನುವ ಲೋಹ ಹಾಕಿದರು. 1540 ನ್ಯಾನೋಮೀಟರ್‌ನಲ್ಲಿ ಬೆಳಕು ಬರುತ್ತದೆ, ಆದರೆ ತಣ್ಣಗಿದ್ದಾಗ ಮಾತ್ರ ಚೆನ್ನಾಗಿ. ಕೋಣೆಯ ತಾಪಕ್ಕೆ ಬಂದರೆ ಕುಸಿಯುತ್ತದೆ. 1990ರಲ್ಲಿ ಲೀ ಕ್ಯಾನಮ್ ಅಂತ ಇಂಗ್ಲೆಂಡಿನವರು ಸಿಲಿಕಾನ್‌ನ್ನು ಆಸಿಡ್‌ನಲ್ಲಿ ಕೊರೆದು ಸ್ಪಂಜಿನ ತರ ಮಾಡಿದರು, ನೇರಳಾತೀತ ಬೆಳಕು ಹಾಕಿದರೆ ಕೆಂಪಾಗಿ ಹೊಳೆಯಿತು. ಆಗ ಜಗತ್ತೇ ಹುಚ್ಚೆದ್ದು ಹಿಂದೆ ಬಿತ್ತು. ಆದರೆ ಅದು ಗಾಳಿ ತಾಗಿದರೆ ಹಾಳಾಗುತ್ತದೆ, ಕರೆಂಟ್ ಹರಿಸುವುದೂ ಕಷ್ಟ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನವರು ಸಿಲಿಕಾನ್-ಜರ್ಮೇನಿಯಂ ಮಿಶ್ರಣವನ್ನು ಷಟ್ಕೋನ ಜೋಡಣೆಯಲ್ಲಿ ಬೆಳೆಸಿ ಡೈರೆಕ್ಟ್ ಗ್ಯಾಪ್ ತೋರಿಸಿದರು. ಪರಮಾಣು ಅವೇ, ಜೋಡಣೆ ಬೇರೆ. ಅಂಗಡಿಗೆ ಬರಲು ಇನ್ನೂ ಬಹಳ ದೂರ.

ವೈಟ್‌ಫೀಲ್ಡ್ ಫೋಟಾನ್
ನನ್ನ ಹೊಟ್ಟೆಪಾಡೇ ಇದು, ಅದಕ್ಕೆ ಮೂಗು ತೂರಿಸುತ್ತೇನೆ. ಡೇಟಾ ಸೆಂಟರ್‌ಗಳಲ್ಲಿ ಸಿಲಿಕಾನ್ ಚಿಪ್ ಮೇಲೇ ಬೆಳಕಿನ ದಾರಿ ಕೆತ್ತುತ್ತಾರೆ. 1310, 1550 ನ್ಯಾನೋಮೀಟರ್‌ಗೆ ಸಿಲಿಕಾನ್ ಗಾಜಿನಷ್ಟೇ ಪಾರದರ್ಶಕ, ಯಾಕೆಂದರೆ ಆ ಫೋಟಾನ್‌ಗೆ 1.12 ದಾಟುವ ಶಕ್ತಿ ಇಲ್ಲ. ಬಗ್ಗಿಸುವುದು, ಒಡೆಯುವುದು, ಮಾಡ್ಯುಲೇಟ್ ಮಾಡುವುದು ಎಲ್ಲಾ ಸಿಲಿಕಾನ್‌ನಲ್ಲಿ ಆಗುತ್ತದೆ. ಹಿಡಿಯುವುದಕ್ಕೆ ಅದರ ಮೇಲೆ ಜರ್ಮೇನಿಯಂ ಬೆಳೆಸುತ್ತೇವೆ. ಲೇಸರ್ ಒಂದನ್ನು ಮಾತ್ರ ಹೊರಗಿನಿಂದ ತರಬೇಕು, ಇಂಡಿಯಂ ಫಾಸ್ಫೈಡ್ ತುಂಡನ್ನು ತಂದು ಅಂಟಿಸಬೇಕು. ಎಷ್ಟು ದುಡ್ಡು, ಎಷ್ಟು ತಲೆನೋವು ಬರೀ ಆ ಅಂಟಿಸುವ ಕೆಲಸಕ್ಕೆ!

ನಿಮ್ಮ ಮನೆಗೆ ಬಂದಿರುವ ಫೈಬರ್ ಕೂಡ ಇದೇ ಕತೆ. ಸಾಮಾನ್ಯ ಜಿಪಾನ್ (ಮನೆ ಫೈಬರ್‌ನ ಒಂದು ಪದ್ಧತಿ) ಸಂಪರ್ಕದಲ್ಲಿ ಡೇಟಾ 1490 ನ್ಯಾನೋಮೀಟರ್ ಬೆಳಕಿನಲ್ಲಿ ಒಳಗೆ ಬರುತ್ತದೆ, 1310ರ ಬೆಳಕಿನಲ್ಲಿ ಹೊರಗೆ ಹೋಗುತ್ತದೆ. ಎರಡೂ ಕಣ್ಣಿಗೆ ಕಾಣಲ್ಲ, ಹಾಗಂತ ತುದಿ ಬಿಚ್ಚಿ ಇಣುಕಬೇಡಿ.

ಕೋಡು ಬರೆಯುವವ
ಫೈಬರ್ ಬಿಡಿ, ನಮ್ಮ ಬೀದಿಯಲ್ಲಿ ರಸ್ತೆ ಅಗೆದಾಗಲೆಲ್ಲಾ ಒಳಗೂ ಬರಲ್ಲ, ಹೊರಗೂ ಹೋಗಲ್ಲ.

ಹೊಸಕೆರೆಹಳ್ಳಿ
ಇದೇ ಚರ್ಚೆಯಲ್ಲಿ ಕೇಳಿಬಿಡುತ್ತೇನೆ. ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಬಿಳಿ ಎಲ್‌ಇಡಿ ದೀಪ ನಿಧಾನಕ್ಕೆ ನೇರಳೆ ಬಣ್ಣಕ್ಕೆ ತಿರುಗಿದೆ. ಸೆಕ್ಯುರಿಟಿಯವರು ಡಿಸ್ಕೋ ಲೈಟ್ ಅನ್ನುತ್ತಾರೆ. ಬ್ಯಾಂಡ್‌ಗ್ಯಾಪ್ ಬದಲಾಯಿತಾ?

ನೀಲಿ ಬೆಳಕು
ಗ್ಯಾಪ್ ಅಲ್ಲೇ ಇದೆ. ಬಿಳಿ ಎಲ್‌ಇಡಿ ಅಂತ ಜಂಕ್ಷನ್ ಇಲ್ಲವೇ ಇಲ್ಲ. ಒಳಗಿರುವುದು 450 ನ್ಯಾನೋಮೀಟರ್ ನೀಲಿ, ಇಂಡಿಯಂ ಗ್ಯಾಲಿಯಂ ನೈಟ್ರೈಡ್. ಮೇಲೆ ಹಳದಿ ಫಾಸ್ಫರ್, ಸೀರಿಯಂ ಬೆರೆಸಿದ ಯಾಗ್ ಅನ್ನುವ ಹರಳಿನ ಪುಡಿ. ನೀಲಿಯಲ್ಲಿ ಒಂದಿಷ್ಟನ್ನು ನುಂಗಿ ಹಳದಿ ಕೊಡುತ್ತದೆ, ಎರಡೂ ಸೇರಿ ಬಿಳಿ. ಶಾಖಕ್ಕೆ ಆ ಫಾಸ್ಫರ್ ಪದರ ಎದ್ದು ಬಂದರೆ ನೀಲಿ ನೇರವಾಗಿ ಹೊರಗೆ ಬರುತ್ತದೆ. ಅಮೆರಿಕದ ಹಲವು ಊರುಗಳಲ್ಲಿ ಬೀದಿದೀಪಗಳು ಸಾಲುಸಾಲಾಗಿ ಹೀಗೇ ಆದವು. ವಾರಂಟಿ ಇದೆಯಾ ನೋಡಿ.

ಆ ನೀಲಿ ಬರಲು ಎಷ್ಟು ವರ್ಷ ಬೇಕಾಯಿತು! ಕೆಂಪು 1962ರಲ್ಲಿ ಹೊಲೋನ್ಯಾಕ್ ಮಾಡಿದ್ದು. ಹೊಳಪಿನ ನೀಲಿ 1993. ಗ್ಯಾಲಿಯಂ ನೈಟ್ರೈಡ್ ಬೆಳೆಸಲು ಸರಿಯಾದ ತಳವೇ ಇರಲಿಲ್ಲ, ನೀಲಮಣಿ ಮೇಲೆ ಬೆಳೆಸಿದರೆ ಹರಳಿನ ಅಳತೆ ಕೂಡುತ್ತಿರಲಿಲ್ಲ. ಜಂಕ್ಷನ್‌ಗೆ ಬೇಕಾದ ಪಿ-ಟೈಪ್ ಆಗುತ್ತಿರಲಿಲ್ಲ, ಮೆಗ್ನೀಷಿಯಂ ಹಾಕಿದರೆ ಜಲಜನಕ ಅದನ್ನು ಕಟ್ಟಿಹಾಕುತ್ತಿತ್ತು. ಅಕಸಾಕಿ, ಅಮಾನೋ ಎಲೆಕ್ಟ್ರಾನ್ ಕಿರಣ ಹಾಯಿಸಿ ಬಿಡಿಸಿದರು, ನಾಕಾಮುರಾ ಬರೀ ಕಾಯಿಸಿ ಬಿಡಿಸಿದರು. 2014ರ ನೊಬೆಲ್.

ರಾಜಾಜಿನಗರ ರೆಸಿಸ್ಟರ್
ಹೊಲೋನ್ಯಾಕ್‌ಗೆ ಕೊಡಲಿಲ್ಲವಲ್ಲ, ಅದು ಅನ್ಯಾಯ. ಆಗ ಬದುಕಿದ್ದರು ಕೂಡ.

ನೀಲಿ ಬೆಳಕು
ಪ್ರಶಸ್ತಿ ಕೊಟ್ಟಿದ್ದು ನೀಲಿಗೆ ಸಾರ್, ಎಲ್‌ಇಡಿಗೆ ಅಲ್ಲ. ಕೆಂಪು, ಹಸಿರಿನಿಂದ ಮನೆ ಬೆಳಗಲ್ಲ.

ರಾಜಾಜಿನಗರ ರೆಸಿಸ್ಟರ್
ಬುನಾದಿ ಹಾಕಿದವನಿಗೆ ಕೂಲಿ ಇಲ್ಲ, ಸುಣ್ಣ ಹೊಡೆದವನಿಗೆ ಹಾರ. ನಾನು ಒಪ್ಪಲ್ಲ.

ತಾರಸಿ ಸೋಲಾರ್
ಎಲ್ಲರೂ ಸಿಲಿಕಾನ್ ಬೆಳಗಲ್ಲ ಅಂತ ತೀರ್ಪು ಕೊಟ್ಟಾಯಿತಾ? ನಾನು ಕಣ್ಣಾರೆ ನೋಡಿದ್ದೇನೆ, ಕ್ಯಾಮೆರಾ ಮೂಲಕ.

ನಮ್ಮ ಮನೆ ತಾರಸಿಯ ಪ್ಯಾನೆಲ್‌ಗಳಲ್ಲಿ ಎರಡರ ಉತ್ಪಾದನೆ ಮೊದಲಿನಿಂದಲೂ ಕಡಿಮೆ. ಹಾಕಿದವರನ್ನು ಕೇಳಿದರೆ ಧೂಳು ಅಂದರು, ಮೋಡ ಅಂದರು, ಪಕ್ಕದ ಮನೆ ತೆಂಗಿನಮರದ ನೆರಳು ಅಂದರು. ತೆಂಗಿನಮರ ಇರುವುದು ಉತ್ತರಕ್ಕೆ! ಕೊನೆಗೆ ಪರಿಚಯದ ಒಬ್ಬ ಎಂಜಿನಿಯರ್ ರಾತ್ರಿ ಬಂದು ಪ್ಯಾನೆಲ್ ವೈರ್ ಬಿಚ್ಚಿ ಅದಕ್ಕೇ ಹೊರಗಿನಿಂದ ಕರೆಂಟ್ ಕೊಟ್ಟರು. ಅಂದರೆ ಸೋಲಾರ್ ಪ್ಯಾನೆಲ್‌ನ್ನು ಎಲ್‌ಇಡಿ ತರ ಓಡಿಸಿದರು. ಇನ್‌ಫ್ರಾರೆಡ್ ಫಿಲ್ಟರ್ ತೆಗೆದ ಕ್ಯಾಮೆರಾದಲ್ಲಿ ಇಡೀ ಪ್ಯಾನೆಲ್ ಬೂದು ಬಣ್ಣದಲ್ಲಿ ಹೊಳೆಯಿತು. ಮೂರು ಸೆಲ್‌ಗಳಲ್ಲಿ ಮಾತ್ರ ಕಪ್ಪು ಗೆರೆ, ಒಂದರಲ್ಲಿ ಕಾಲು ಭಾಗವೇ ಕಪ್ಪು. ಬಿರುಕು ಬಿಟ್ಟ ಕಡೆ ಕರೆಂಟ್ ಹೋಗಲ್ಲ, ಅಲ್ಲಿ ಬೆಳಕೂ ಬರಲ್ಲ. ಫಿಟ್ಟಿಂಗ್ ಮಾಡುವಾಗ ಹುಡುಗರು ಪ್ಯಾನೆಲ್ ಮೇಲೇ ಹತ್ತಿ ಓಡಾಡಿದ್ದರು. ಮೇಲಿನ ಗಾಜಿಗೆ ಏನೂ ಆಗಿರಲಿಲ್ಲ, ಹಗಲು ನೋಡಿದರೆ ಹೊಸದರ ಹಾಗೇ ಇತ್ತು. ಆ ಫೋಟೋ ತೋರಿಸಿದ ಮೇಲೆ ಎರಡನ್ನೂ ಬದಲಾಯಿಸಿ ಕೊಟ್ಟರು.

ಎಸ್‌ಪಿ ರೋಡ್ ಗಿರಾಕಿ
ಸುಮ್ನೆ ಕತೆ ಬಿಡಬೇಡಿ ಸಾರ್.

ಫಿಸಿಕ್ಸ್ ಮೇಡಂ
ಕತೆ ಅಲ್ಲ. ಎಲೆಕ್ಟ್ರೋಲುಮಿನೆಸೆನ್ಸ್ ಚಿತ್ರಣ ಅಂತಾರೆ, ಪ್ಯಾನೆಲ್ ಕಾರ್ಖಾನೆಗಳಲ್ಲಿ ದಿನಾ ಮಾಡುವ ಪರೀಕ್ಷೆ. ಸಿಲಿಕಾನ್ ಹೊಳೆಯುವುದು 1150 ನ್ಯಾನೋಮೀಟರ್ ಹತ್ತಿರ, ಬಹಳ ಮಂಕು. ಕ್ಯಾಮೆರಾ ಸೆನ್ಸರ್ ಕೂಡ ಸಿಲಿಕಾನ್ ಆದ್ದರಿಂದ ಆ ಬೆಳಕಿಗೆ ಹೆಚ್ಚುಕಡಿಮೆ ಕುರುಡು, ಅಂಚಿನಲ್ಲಿ ಒಂಚೂರು ಹಿಡಿಯುತ್ತದೆ. ಅದಕ್ಕೇ ಕತ್ತಲೆ ಮತ್ತು ಉದ್ದನೆಯ ಎಕ್ಸ್‌ಪೋಶರ್ ಬೇಕು.

ಎಷ್ಟು ಮಂಕು ಅನ್ನುವುದು ಹರಳಿನ ಶುದ್ಧಿಯ ಮೇಲಿದೆ. 2001ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಗ್ರೀನ್ ತಂಡ ಸೋಲಾರ್ ಸೆಲ್‌ಗೆ ಮಾಡುವ ಎಲ್ಲಾ ಉಪಚಾರ ಮಾಡಿ, ಮೇಲ್ಮೈ ದೋಷ ಮುಚ್ಚಿ, ಸಿಲಿಕಾನ್‌ನಿಂದ ಶೇಕಡಾ 1ರ ಹತ್ತಿರ ದಕ್ಷತೆಯ ಎಲ್‌ಇಡಿ ಮಾಡಿತು. ಪಿಕ್‌ಪಾಕೆಟ್‌ಗಳನ್ನೆಲ್ಲಾ ಹಿಡಿದು ಒಳಗೆ ಹಾಕಿದರೆ ಕಾದು ಕಾದು ಬಸ್ ಹತ್ತುವವರು ಜಾಸ್ತಿ ಆಗುತ್ತಾರೆ.

ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಬರ್ಕ್ಲಿಯ ಎಲಿ ಯಾಬ್ಲೊನೊವಿಚ್ ಒತ್ತಿ ಹೇಳುವ ಮಾತು, ಒಳ್ಳೆಯ ಸೋಲಾರ್ ಸೆಲ್ ಒಳ್ಳೆಯ ಎಲ್‌ಇಡಿಯೂ ಆಗಿರಬೇಕು. ಕೇಳಿದರೆ ವಿಚಿತ್ರ, ಬೆಳಕು ಹೊರಗೆ ಬಿಟ್ಟರೆ ನಷ್ಟ ಅಲ್ವಾ? ಆದರೆ ಓಪನ್ ಸರ್ಕಿಟ್‌ನಲ್ಲಿ, ಅಂದರೆ ಸೆಲ್‌ಗೆ ಏನೂ ಜೋಡಿಸದಾಗ, ಎಲೆಕ್ಟ್ರಾನ್‌ಗಳು ಎಲ್ಲಾದರೂ ಹೋಗಲೇಬೇಕು. ಬೆಳಕಾಗಿ ಮಾತ್ರ ಹೋದರೆ ಅದು ಕನಿಷ್ಠ ನಷ್ಟ, ವೋಲ್ಟೇಜ್ ಗರಿಷ್ಠ ಮಟ್ಟಕ್ಕೆ ಏರುತ್ತದೆ. ಸೋಲಾರ್ ಸೆಲ್ ದಕ್ಷತೆಗೆ ಇರುವ 1961ರ ಶಾಕ್ಲಿ-ಕ್ವೈಸರ್ ಮಿತಿ, ಒಂದೇ ಜಂಕ್ಷನ್‌ಗೆ ಸುಮಾರು ಶೇಕಡಾ 33, ಈ ಊಹೆಯ ಮೇಲೇ ನಿಂತಿದೆ. ಶಾಖವಾಗಿ ಸೋರಿದ್ದೆಲ್ಲಾ ಅದರ ಮೇಲಿನ ದಂಡ.

ಹೊಸಕೆರೆಹಳ್ಳಿ
ಹಾಗಾದರೆ ಬೇಸಿಗೆಯಲ್ಲಿ ನಮ್ಮ ಪ್ಯಾನೆಲ್‌ಗೆ ಸುಗ್ಗಿ ತಾನೆ? ಬಿಸಿಲು ಜಾಸ್ತಿ.

ತಾರಸಿ ಸೋಲಾರ್
ಬಿಸಿಲು ಬೇಕು, ಬಿಸಿ ಬೇಡ. ಒಂದೊಂದು ಡಿಗ್ರಿ ಏರಿದರೆ ಉತ್ಪಾದನೆ ಸುಮಾರು ಶೇಕಡಾ 0.4 ಇಳಿಯುತ್ತದೆ, ಹೊಸ ಪ್ಯಾನೆಲ್‌ಗಳಲ್ಲಿ ಸ್ವಲ್ಪ ಕಡಿಮೆ. ಪ್ರತಿ ಸೆಲ್‌ನ ವೋಲ್ಟೇಜ್ ಡಿಗ್ರಿಗೆ 2 ಮಿಲಿವೋಲ್ಟ್ ಬೀಳುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿ ತಣ್ಣಗಿರುವುದು ನಮಗೆ ಲಾಭ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನಕ್ಕೆ ಹೋಲಿಸಿದರೆ ಅದೇ ಬಿಸಿಲಿಗೆ ಇಲ್ಲಿ ಜಾಸ್ತಿ ಸಿಗುತ್ತದೆ. ಜೂನ್, ಜುಲೈ ಮೋಡ ಬಂದಾಗ ಆ ಲಾಭ ಬಡ್ಡಿ ಸಮೇತ ವಾಪಸ್ ಹೋಗುತ್ತದೆ ಅನ್ನಿ.

ಬೆಸುಗೆ ಹುಡುಗ
ಇಷ್ಟೆಲ್ಲಾ ಓದಿ ಸುಮ್ಮನೆ ಇರಲಾಗಲಿಲ್ಲ. ಎಲ್‌ಇಡಿಯನ್ನೇ ಬಿಸಿಲಿಗೆ ಹಿಡಿದು ಮಲ್ಟಿಮೀಟರ್ ಇಟ್ಟೆ. ಕೆಂಪು ಎಲ್‌ಇಡಿ ಒಂದೂವರೆ ವೋಲ್ಟ್ ಹತ್ತಿರ ತೋರಿಸುತ್ತದೆ! ಆಮೇಲೆ ಹಸಿರು ಎಲ್‌ಇಡಿ ಬೆಳಗಿಸಿ ಕೆಂಪಿನ ಮೂತಿಗೆ ಮೂತಿ ಇಟ್ಟೆ, ವೋಲ್ಟೇಜ್ ಬಂತು. ಕೆಂಪು ಬೆಳಗಿಸಿ ಹಸಿರಿಗೆ ಹಿಡಿದರೆ ಏನೂ ಇಲ್ಲ. ಕೆಂಪು ಫೋಟಾನ್‌ಗೆ ಹಸಿರಿನ ಗ್ಯಾಪ್ ದಾಟುವ ಶಕ್ತಿ ಇಲ್ಲ ಅಂತ ತಾನೆ?

ತಾತ, 1ಎನ್4148 ಕೂಡ ಟಾರ್ಚಿಗೆ ಮಿಲಿವೋಲ್ಟ್ ಕೊಟ್ಟಿತು. ಕೈ ಅಡ್ಡ ಹಿಡಿದರೆ ಇಳಿಯುತ್ತದೆ.

ಜಾಲಹಳ್ಳಿ ತಾತ
ಭಲೇ. ಅದನ್ನು ಬರೆದಿಟ್ಟುಕೋ.

ಫಿಸಿಕ್ಸ್ ಮೇಡಂ
ಕೆಂಪು-ಹಸಿರು ಸರಿಯಾಗಿ ಹೇಳಿದೆ. ಒಂದು ಕರೆಂಟ್ ಮೀಟರ್‌ನಿಂದಲೂ ಅಳೆದು ನೋಡು. ವೋಲ್ಟೇಜ್ ಒಂದೂವರೆ ಇದ್ದರೂ ಕರೆಂಟ್ ಮೈಕ್ರೋಆಂಪ್‌ಗಳಲ್ಲೇ ನಿಲ್ಲುತ್ತದೆ, ಜಂಕ್ಷನ್ ಸಾಸಿವೆಗಿಂತ ಚಿಕ್ಕದು.

ಬೆಸುಗೆ ಹುಡುಗ
ಸರಿ ಮೇಡಂ. ತಾರಸಿ ಸಾರ್, ಆ ಬೆಳಗುವ ಪ್ಯಾನೆಲ್ ಪ್ರಯೋಗ ನಾನು ಮಿನಿ ಪ್ರಾಜೆಕ್ಟ್‌ಗೆ ಮಾಡಬಹುದಾ? ಕಾಲೇಜ್ ಲ್ಯಾಬ್‌ನಲ್ಲಿ 30 ವೋಲ್ಟ್ ಪವರ್ ಸಪ್ಲೈ ಇದೆ.

ತಾರಸಿ ಸೋಲಾರ್
36 ಸೆಲ್‌ನ ಚಿಕ್ಕ ಪ್ಯಾನೆಲ್ ತಗೋ. ಅದರ ಓಪನ್ ಸರ್ಕಿಟ್ ವೋಲ್ಟೇಜ್ 21-22, ನಿನ್ನ ಸಪ್ಲೈ ಸಾಕು. ಮನೆ ತಾರಸಿಯ ದೊಡ್ಡದಕ್ಕೆ ಕೈ ಹಾಕಬೇಡ, 60 ಸೆಲ್‌ನದು 38 ವೋಲ್ಟ್ ಹತ್ತಿರ, ಸಾಲಾಗಿ ಜೋಡಿಸಿದ್ದರೆ ನೂರಾರು ವೋಲ್ಟ್ ಡಿಸಿ, ಹಿಡಿದರೆ ಬಿಡಲ್ಲ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಡು. ಉಲ್ಟಾ ಕೊಟ್ಟರೆ ಬೈಪಾಸ್ ಡಯೋಡ್ ಇರುವ ಪ್ಯಾನೆಲ್‌ನಲ್ಲಿ ಕರೆಂಟ್ ಎಲ್ಲಾ ಅದರ ಮೂಲಕ ಓಡಿಹೋಗುತ್ತದೆ, ಏನೂ ಹೊಳೆಯಲ್ಲ. ಕರೆಂಟ್ ಲಿಮಿಟ್ ಕಡಿಮೆಯಿಂದ ಶುರು ಮಾಡಿ ಪ್ಯಾನೆಲ್ ಹಿಂದೆ ಬರೆದಿರುವ ಶಾರ್ಟ್ ಸರ್ಕಿಟ್ ಕರೆಂಟ್‌ವರೆಗೆ ಮಾತ್ರ ಏರಿಸು.

ಎಸ್‌ಪಿ ರೋಡ್ ಗಿರಾಕಿ
ಕ್ಯಾಮೆರಾಗೆ ಏನು ಮಾಡಬೇಕು? ನನಗೂ ಈಗ ಹುಚ್ಚು ಹಿಡಿಯಿತು.

ತಾರಸಿ ಸೋಲಾರ್
ಕೆಟ್ಟುಹೋದ ಫ್ಲ್ಯಾಶ್ ಇರುವ ಹಳೆ ಡಿಎಸ್‌ಎಲ್‌ಆರ್ ಹುಡುಕಿ, ಒಳಗಿನ ಇನ್‌ಫ್ರಾರೆಡ್ ತಡೆಯುವ ಗಾಜು ತೆಗೆಸಿ. ಕತ್ತಲೆ ಕೋಣೆ, ಟ್ರೈಪಾಡ್, 30 ಸೆಕೆಂಡ್ ಎಕ್ಸ್‌ಪೋಶರ್. ಫೋಕಸ್ ಮೊದಲೇ ಟಾರ್ಚ್ ಹಾಕಿ ಹಿಡಿದಿಟ್ಟುಕೊಳ್ಳಿ, ಇನ್‌ಫ್ರಾರೆಡ್‌ಗೆ ಅದು ಸ್ವಲ್ಪ ಸರಿಯುತ್ತದೆ, ಎರಡು ಮೂರು ಸಲ ತಿರುಗಿಸಿ ನೋಡಬೇಕು. ಪವರ್ ಸಪ್ಲೈ ಮೇಲಿನ ಕೆಂಪು ದೀಪಕ್ಕೆ ಟೇಪ್ ಹಚ್ಚಿ, ಅದೊಂದೇ ಸಾಕು ಫೋಟೋ ಕೆಡಿಸಲು.